ಒಂದನೇ ಮೇಜಿನ ಆರ್ಡರ್

ಕಿರ್‌ರ್ ಎಂದು ಸಣ್ಣದೊಂದು ಸದ್ದು. ಅದರ ಬೆನ್ನಿಗೇ ಯಾರೋ ಕಾಗದ ಕತ್ತರಿಸಿದ ಹಾಗೆ ಒಂದು ಚಟ್.

ಸಂಚಿತಾ ಕತ್ತಲಲ್ಲಿ ಕಣ್ಣು ಬಿಟ್ಟಳು. ಆಷಾಢದ ಮಳೆಯ ಆಟಿ ತಿಂಗಳ ರಾತ್ರಿ ಮಂಗಳೂರಿನ ಬೋಳಾರದಲ್ಲಿ ಸದ್ದಿಗೇನು ಕೊರತೆ? ತಗಡಿನ ಮಾಡಿಗೆ ಹೊಡೆಯುವ ಮಳೆ, ಗಟಾರದ ಕಪ್ಪೆ, ಗಾಳಿಗೆ ಬಡಿದುಕೊಳ್ಳುವ ಎದುರು ಮನೆಯ ಕಿಟಕಿ. ಅವೆಲ್ಲ ಅವಳ ಕಿವಿಗೆ ಪರಿಚಯದವು, ಅವಕ್ಕೆ ಅವಳ ನಿದ್ದೆ ಕೆಡುವುದಿಲ್ಲ. ಇದು ಹಾಗಲ್ಲ. ಇದು ಮನೆಯ ಕೆಳಗಿನಿಂದ, ಬಾಗಿಲು ಹಾಕಿ ಬೀಗ ಜಡಿದ ಹೋಟೆಲಿನ ಅಡುಗೆಮನೆಯಿಂದ ಬಂದ ಸದ್ದು.

ಗ್ಯಾಸ್ ಬಂದ್ ಮಾಡಿದ್ದನ್ನು ಎರಡು ಸಲ ನೋಡದೆ ಮಲಗುವವಳಲ್ಲ ಅವಳು. ಕೊಡೆಯನ್ನು ಕೋಲಿನ ಹಾಗೆ ಹಿಡಿದು, ಫೋನಿನ ಬೆಳಕಿನಲ್ಲಿ ಮೆಟ್ಟಿಲಿಳಿದಳು. ಕದ ಭದ್ರವಾಗಿತ್ತು. ಒಳಗೆ ಮನುಷ್ಯರಿರಲಿಲ್ಲ, ಬೆಕ್ಕೂ ಇರಲಿಲ್ಲ. ಒಲೆಯ ಪಕ್ಕದ ಗೋಡೆಯಲ್ಲಿದ್ದ ಆರ್ಡರ್ ಪ್ರಿಂಟರ್ ಮಾತ್ರ ಬಿಳಿ ನಾಲಗೆಯಷ್ಟು ಕಾಗದವನ್ನು ಹೊರಗೆ ಚಾಚಿ ಸುಮ್ಮನೆ ಕೂತಿತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿತ್ತು: ಒಂದನೇ ಮೇಜು. ಕೋರಿ ರೊಟ್ಟಿ ಒಂದು. ಗಸಿ ಜಾಸ್ತಿ.

ಸಂಚಿತಾ ಅದನ್ನು ಓದಿ, ಖಾಲಿಯಾಗಿದ್ದ ಒಂದನೇ ಮೇಜಿನ ಕಡೆ ಬೆಳಕು ಬಿಟ್ಟಳು. ಮತ್ತೆ ಕಾಗದದ ಕಡೆ ಬಿಟ್ಟಳು. ಯಾರೋ ಹೊರಗಿನವರು ಹೋಟೆಲಿನ ವೈಫೈಯೊಳಗೆ ನುಗ್ಗಿದ್ದಾರೆ ಎಂದು ಅವಳ ತಲೆ ಹೇಳಿತು. ಸಾಕ್ಷಿಯನ್ನು ಮುಟ್ಟಬಾರದು, ಬೆಳಿಗ್ಗೆ ವೈಫೈ ಹಾಕಿಕೊಟ್ಟ ಆಶಿಕ್‌ಗೆ ತೋರಿಸಬೇಕು ಎಂದು ಕಾಗದವನ್ನು ಇದ್ದಲ್ಲೇ ಬಿಟ್ಟು ಮೇಲೆ ಹೋದಳು. ಅವಳು ಮಾಡಿದ ಮೊದಲ ತಪ್ಪು ಅದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಡುಗೆಮನೆಗೆ ಕಾಲಿಡುವವನು ಬೂಬಣ್ಣ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಹೋಟೆಲ್ ರತ್ನಲೋಕದ ಅಡುಗೆಯೆಂದರೆ ಬೂಬಣ್ಣ, ಬೂಬಣ್ಣನೆಂದರೆ ರತ್ನಲೋಕದ ಅಡುಗೆ. ಸಂಚಿತಾಳ ಅಪ್ಪ ಲೋಕನಾಥ ಶೆಟ್ಟರು ಹೋಟೆಲ್ ತೆರೆದ ದಿನ ಒಲೆ ಹಚ್ಚಿದವನೇ ಅವನು. ಶೆಟ್ಟರು ಹೋದ ವರ್ಷ ತೀರಿಕೊಂಡ ಮೇಲೆ, ಬಲ್ಮಠದ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಸಂಚಿತಾ ಆ ಕೆಲಸ ಬಿಟ್ಟು ಗಲ್ಲಾದಲ್ಲಿ ಕೂತಳು. ಗಲ್ಲಾ ಅವಳಿಗೆ ಬೇಗ ಒಗ್ಗಿತು. ಆದರೆ ಮೀನು ಊಟಕ್ಕೆ ದೂರದಿಂದ ಬರುವ ಗಿರಾಕಿಗಳು ಗಲ್ಲಾ ನೋಡಲು ಬರುವುದಿಲ್ಲವಲ್ಲ.

ಬೆಳಿಗ್ಗೆ ಅವಳು ಇಳಿದು ಬರುವಾಗ ಬೂಬಣ್ಣ, ಬಡಿಸುವ ಹುಡುಗ ಡೆರಿಲ್‌ನಿಂದ ಎಂದಿನಂತೆ ಚೀಟಿ ಓದಿಸಿಕೊಂಡು, ಕೈಮುಗಿದು ಪ್ರಿಂಟರಿನ ಎದುರು ನಿಂತಿದ್ದ. ಗಲ್ಲಾದಲ್ಲಿರುವವಳು ಸಣ್ಣವಳಾದರೂ ಅವನಿಗೆ ಅಕ್ಕನೇ.

"ಅಕ್ಕಾ, ಧಣಿಗಳು ಕೇಳಿದ್ದಾರೆ."

"ಬೂಬಣ್ಣ, ಅದು ಯಾರೋ ತಮಾಷೆ..."

"ಒಂದನೇ ಮೇಜು ಯಾರದ್ದು? ಶನಿವಾರ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಅಲ್ಲಿ ಕೂತು ಕೋರಿ ರೊಟ್ಟಿ ತಿನ್ನುತ್ತಿದ್ದದ್ದು ಯಾರು? ಗಸಿ ಜಾಸ್ತಿ ಹಾಕು ಬೂಬ ಅಂತ ಹೇಳ್ತಿದ್ದದ್ದು ಯಾರು?"

ಹೇಳುತ್ತಿದ್ದದ್ದು ಅಪ್ಪನೇ. ಎದುರಿಗೆ ಅಮ್ಮ ಕೂತು, ಅಪ್ಪನ ತಟ್ಟೆಯ ಗಸಿಗೇ, ಆ ಮಂದ ಕೋಳಿಸಾರಿಗೇ, ರೊಟ್ಟಿ ಮುರಿದು ಹಾಕುತ್ತಿದ್ದರು.

"ಆಟಿ ಬಂದು ಎಷ್ಟು ದಿನ ಆಯ್ತು? ತೀರಿಹೋದವರಿಗೆ ಬಡಿಸುವ ತಿಂಗಳು ಇದು. ಇವತ್ತು ನಾಳೆ ಅಂತ ನೀವು ಮುಂದೆ ಹಾಕಿದಿರಿ. ಕೇಳದೆ ಮತ್ತೆಂತ ಮಾಡ್ತಾರೆ ಪಾಪ!"

ಮುಂದೆ ಹಾಕಿದ್ದು ಹೌದು.

ಅವತ್ತು ಸಂಜೆಯೇ ಮೇಲಿನ ಮನೆಯ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ದೀಪವಿಟ್ಟು, ಬೂಬಣ್ಣ ತನ್ನ ಕೈಯಾರೆ ಬಡಿಸಿದ. ಗರಿಗರಿ ರೊಟ್ಟಿ, ಕೆಂಪಗೆ ಮಿನುಗುವ ಕೋಳಿ ಗಸಿ, ಪಕ್ಕದಲ್ಲಿ ಒಂದು ಲೋಟ ನೀರು. ಎಲ್ಲರೂ ಹೊರಗೆ ಬಂದು ಕದ ಎಳೆದುಕೊಂಡು, ಬಂದವರು ಉಣ್ಣಲಿ ಎಂದು ಕಾದರು. ಆಮೇಲೆ ಕದ ತೆರೆದರು. ಆ ಮನೆಯ ಕ್ರಮದಂತೆ, ಬಡಿಸಿದ ಎಲೆಯಿಂದ ಮೊದಲು ತಿನ್ನಬೇಕಾದವರು ಮನೆಯ ಹಿರಿಯರು. ಈಗ ಹಿರಿಯರೆಂದರೆ ಅಮ್ಮ, ರತ್ನಾವತಿ.

"ಅಮ್ಮ, ನಿಮಗೆ ಉಪ್ಪು, ಖಾರ, ಎಣ್ಣೆ ಮೂರೂ ಆಗುವುದಿಲ್ಲ," ಎಂದಳು ಸಂಚಿತಾ. ಮಾರ್ಚಿನಲ್ಲಿ ರಕ್ತದೊತ್ತಡ ಏರಿದಾಗಿನಿಂದ ರತ್ನಾವತಿಯವರಿಗೆ ಎರಡು ಹೊತ್ತೂ ಗಂಜಿ, ಜೊತೆಗೆ ಉಪ್ಪಿನ ಹೆಸರು ಹೇಳಿ ಹಾರಿಸಿದಂಥ ಹರಿವೆ ಪಲ್ಯ. ಡಾಕ್ಟರು ಹೇಳಿದ್ದು ಒಂದು ಪಾಲು, ಸಂಚಿತಾ ಸೇರಿಸಿದ್ದು ಎರಡು ಪಾಲು.

"ನಂಗೇನು ಆಸೆಯಾ ಮಗ?" ರತ್ನಾವತಿ ನಿಟ್ಟುಸಿರು ಬಿಟ್ಟರು. "ನಿನ್ನ ಅಪ್ಪನಿಗೆ ಬಡಿಸಿದ್ದು. ಬೇಡ ಅನ್ನಲಿಕ್ಕೆ ಆಗ್ತದಾ? ಒಂದೇ ತುಂಡು, ಶಾಸ್ತ್ರಕ್ಕೆ."

ಶಾಸ್ತ್ರಕ್ಕೆಂದು ಎತ್ತಿಕೊಂಡ ತುಂಡು ಕಾಲಿನ ತುಂಡಾಗಿತ್ತು. ಕಣ್ಣು ಮುಚ್ಚಿ ತಿಂದರು. ಭಕ್ತಿಯಿಂದ ಎಂದುಕೊಂಡಳು ಸಂಚಿತಾ.

ಮರುದಿನ ಆಶಿಕ್ ಬಂದ. ಅವನು ಅದೇ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವ, ಕಾಲೇಜಿನಲ್ಲಿ ಸಂಚಿತಾಳ ಹಿಂದಿನ ಬೆಂಚಿನಲ್ಲಿ ಕೂತು ನಗಿಸುತ್ತಿದ್ದವ. ಬೇಸಿಗೆಯಲ್ಲಿ ಹೋಟೆಲಿಗೆ ವೈಫೈ ಹಾಕಿಕೊಟ್ಟದ್ದೂ ಅವನೇ. ಗಲ್ಲಾದ ಮೇಲಿನ ಛಾವಣಿಯಲ್ಲಿ ಕವುಚಿಟ್ಟ ಬಸಿಯಂಥ, ವೈಫೈ ಬೀರುವ ಬಿಳಿಯ ಆಕ್ಸೆಸ್ ಪಾಯಿಂಟ್. ಪ್ರತಿ ಮೇಜಿನ ಮೇಲೆ ಒಂದೊಂದು ಚೌಕದ ಕೋಡ್. ಹೋಟೆಲಿನ ವೈಫೈ ಹಿಡಿದು ಕೋಡಿಗೆ ಫೋನ್ ತೋರಿಸಿದರೆ ಆ ಮೇಜಿನ ಮೆನು ತೆರೆಯುತ್ತದೆ. ಬೇಕಾದ್ದನ್ನು ಒತ್ತಿದರೆ ಗಲ್ಲಾದ ಕಂಪ್ಯೂಟರಿನ ಮೂಲಕ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿ ಬರುತ್ತದೆ. ಅವತ್ತು ಆಶಿಕ್ ಕೈಗೆ ಸಿಕ್ಕಿದವರ ಫೋನುಗಳಲ್ಲೆಲ್ಲ ಅದನ್ನು ಪರೀಕ್ಷೆ ಮಾಡಿ, ಎಲ್ಲದರಲ್ಲೂ ಚಹಾ ಆರ್ಡರ್ ಮಾಡಿ, ಬಂದ ಚಹಾವನ್ನೆಲ್ಲ ತಾನೇ ಕುಡಿದಿದ್ದ.

"ಎಂತ ಮಾರಾಯ್ತಿ, ಶೆಟ್ಟರಿಗೆ ವೈಫೈ ಪಾಸ್‌ವರ್ಡ್ ಕೊಟ್ಟವರು ಯಾರು?"

"ನೀನೇ. ಒಂದರಿಂದ ಎಂಟರವರೆಗೆ ಸಾಲಾಗಿ ಪಾಸ್‌ವರ್ಡ್ ಇಟ್ಟವ ನೀನು. ಇಡೀ ಬೋಳಾರಕ್ಕೆ ಬಾಯಿಪಾಠ ಉಂಟು."

"ಗಿರಾಕಿಗಳಿಗೆ ಸುಲಭ ಆಗ್ಬೇಕು ಅಂತ ಹೇಳಿದ್ದು ನೀನು."

"ಸುಲಭ ಅಂದೆ, ಕದ ತೆಗೆದಿಡು ಅನ್ನಲಿಲ್ಲ. ಹೊರಗಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೂ ಸಿಗ್ನಲ್ ಸಿಗ್ತದೆ. ಅಲ್ಲಿ ಕೂತು ಯಾರು ಬೇಕಾದರೂ ನಮ್ಮ ಪ್ರಿಂಟರಿಗೆ ಆರ್ಡರ್ ಕಳಿಸಬಹುದು."

"ನಡುರಾತ್ರಿ, ಈ ಮಳೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೋರಿ ರೊಟ್ಟಿ ಆರ್ಡರ್ ಮಾಡಿ, ತಿನ್ನದೆ ಮನೆಗೆ ಹೋಗುವವ! ಅಂಥವನನ್ನು ಹಿಡಿಯಬೇಡ, ಸನ್ಮಾನ ಮಾಡು." ಆಶಿಕ್ ನಗುತ್ತ, ಬೇರೆ ಅಂಗಡಿಯ ಕೆಲಸವೊಂದು ಬಾಕಿ ಇದೆ, ಸೋಮವಾರ ಹೋಟೆಲಿಗೆ ರಜೆ ಇರುವಾಗ ಎಲ್ಲ ಸರಿ ಮಾಡುವ ಎಂದು ಹೋದ.

ಸೋಮವಾರ ಬರುವ ಮೊದಲೇ ಪ್ರಿಂಟರ್ ಇನ್ನೆರಡು ಸಲ ಕಿರ್‌ರ್ ಎಂದಿತು. ಒಮ್ಮೆ ಮಧ್ಯಾಹ್ನ ಹೋಟೆಲ್ ಮುಚ್ಚಿದ್ದಾಗ, ಒಮ್ಮೆ ಬೆಳಿಗ್ಗೆ ಬೂಬಣ್ಣ ಒಲೆ ಹಚ್ಚುತ್ತಿದ್ದಾಗ ಅವನ ಕಣ್ಣೆದುರೇ. ಎರಡು ಸಲವೂ ಒಂದನೇ ಮೇಜು, ಎರಡು ಸಲವೂ ಗಸಿ ಜಾಸ್ತಿ. ಎರಡು ಸಲವೂ ಎಲೆ ಹಾಕಿ ಬಡಿಸಿದರು, ರತ್ನಾವತಿ ನಿಟ್ಟುಸಿರಿಟ್ಟು ಶಾಸ್ತ್ರ ಮುಗಿಸಿದರು. ಸಂಚಿತಾ ಪ್ರತಿಸಲ ಅಮ್ಮನ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದಳು. ಆಶ್ಚರ್ಯವೆಂದರೆ ಅದು ಏರಲೇ ಇಲ್ಲ, ಗಂಜಿಯ ದಿನಗಳಿಗಿಂತ ಒಂದು ಕೈ ಕೆಳಗೇ ಇತ್ತು.

ಏರಿದ್ದು ಬೂಬಣ್ಣನ ಚಿಂತೆ. ಮೊದಲ ಚೀಟಿಗೆ ಹಿಗ್ಗಿದವನು ಮೂರನೆಯದಕ್ಕೆ ಕುಗ್ಗಿಹೋದ. ಭಾನುವಾರ ರಾತ್ರಿ ಪಾತ್ರೆಗಳನ್ನು ಬೋರಲು ಹಾಕುತ್ತ, ಮುಖ ಕೊಡದೆ ಹೇಳಿದ.

"ಅಕ್ಕಾ, ಬಡಿಸಿದ್ದು ಅವರಿಗೆ ಸೇರಿದರೆ ಪುನಃ ಪುನಃ ಕೇಳ್ತಾರಾ? ಸೇರ್ತಾ ಇಲ್ಲ. ನನ್ನ ಕೈಯಲ್ಲಿ ಎಂತದೋ ತಪ್ಪಿದೆ."

"ಎಂತ ಸಾವು ಬೂಬಣ್ಣ! ನಿಮ್ಮ ಕೈಯಲ್ಲಿ ಎಂತ ತಪ್ಪು?"

"ಧಣಿಗಳು ಇರುವಾಗ ಮಸಾಲೆಯನ್ನು ಕಡೆಯುವ ಕಲ್ಲಿನಲ್ಲಿ ಅರೆಯುತ್ತಿದ್ದೆ. ಅವರು ಹೋದ ಮೇಲೆ, ಸೊಂಟನೋವು ಅಂತ ಗ್ರೈಂಡರಿಗೆ ಹಾಕಿದೆ. ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಯ್ತು." ಅವನು ಕೈ ಒರೆಸಿಕೊಂಡ. "ಆಟಿ ಮುಗಿದ ಕೂಡಲೆ ನಾನು ಬಜಪೆಗೆ, ತಂಗಿಯ ಮನೆಗೆ ಹೋಗ್ತೇನೆ. ಧಣಿಗಳಿಗೆ ಸೇರದ ಅಡುಗೆಯನ್ನು ಊರಿಗೆ ಬಡಿಸುವುದು ಸರಿಯಲ್ಲ."

ಸಂಚಿತಾ ಅವನಿಗೆ ಹೇಳದ ಮಾತಿಲ್ಲ. ವೈಫೈ ಎಂದಳು, ಪಾಸ್‌ವರ್ಡ್ ಎಂದಳು, ಯಾರೋ ಪೋಕರಿಗಳು ಎಂದಳು. ಅವನು ಎಲ್ಲದಕ್ಕೂ ತಲೆಯಾಡಿಸಿ, "ನಿಮಗೆ ಗೊತ್ತಿರಬಹುದು ಅಕ್ಕಾ, ನಾನು ಕಲಿತವನಲ್ಲ," ಎಂದು ಹೇಳಿ ಮತ್ತೆ ಬಜಪೆಗೇ ಬಂದು ನಿಲ್ಲುತ್ತಿದ್ದ. ಅವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೂಬಣ್ಣ ಹೋದರೆ ರತ್ನಲೋಕಕ್ಕೆ ಇನ್ನೊಬ್ಬ ಅಡುಗೆಯವನು ಸಿಗಬಹುದು, ರತ್ನಲೋಕ ಸಿಗುವುದಿಲ್ಲ. ಆ ಕಳ್ಳನನ್ನು ಆಟಿ ಮುಗಿಯುವ ಮೊದಲು ಹಿಡಿದು, ಕಿವಿ ಹಿಂಡಿ ಬೂಬಣ್ಣನ ಎದುರು ನಿಲ್ಲಿಸಬೇಕು. ಬೇರೆ ದಾರಿಯಿಲ್ಲ.

ಸೋಮವಾರ ಹೋಟೆಲಿನ ಕದ ಮುಚ್ಚಿ, ಇಬ್ಬರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ವಾರವಿಡೀ ಓದಿ ತಯಾರಾಗಿದ್ದ ಸಂಚಿತಾ ಒಂದೊಂದೇ ಹೇಳುತ್ತ ಹೋದಳು. ಆಶಿಕ್‌ನ ಬೆರಳು ಓಡುತ್ತ ಹೋಯಿತು.

"ಮೊದಲು ಆಕ್ಸೆಸ್ ಪಾಯಿಂಟಿನದ್ದೇ ಪಾಸ್‌ವರ್ಡ್. ಅದರ ಸೆಟ್ಟಿಂಗ್ ತೆರೆಯುವಂಥದ್ದು. ಕಂಪೆನಿಯಿಂದ ಬಂದದ್ದೇ ಉಂಟಲ್ಲ ಇನ್ನೂ?"

"ಉಂಟು." ಆಶಿಕ್ ತಲೆ ಕೆರೆದುಕೊಂಡ.

"ಪೆಟ್ಟಿಗೆಯ ಮೇಲೆ ಬರೆದದ್ದೇ! ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಹೊಸಿಲ ಮೇಲೆ ಇಟ್ಟ ಹಾಗೆ. ಬದಲಿಸು. ಆಮೇಲೆ ಅದರ ಸಾಫ್ಟ್‌ವೇರ್ ಹಳೆಯದಾಗಿರ್ತದೆ, ಹೊಸತು ಹಾಕು. ಆಮೇಲೆ ಆ ಗುಂಡಿ, ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬಿಡುವುದು, ಅದನ್ನು ಆಫ್ ಮಾಡು."

"ಟೀಚರ್, ನೀರು ಕುಡಿಯಬಹುದಾ?"

"ಕುಡಿ. ಕುಡಿದು ನೆಟ್‌ವರ್ಕನ್ನು ಮೂರು ಪಾಲು ಮಾಡು."

ಮೂರು ಪಾಲು ಎಂದರೆ ಮೂರು ಹೆಸರು, ಮೂರು ಪಾಸ್‌ವರ್ಡ್. ಒಂದು ಗಿರಾಕಿಗಳಿಗೆ. ಅದರಲ್ಲಿ ಒಬ್ಬರ ಫೋನಿಗೆ ಇನ್ನೊಬ್ಬರ ಫೋನ್ ಕಾಣದು, ಮೆನು ಬಿಟ್ಟು ಹೋಟೆಲಿನ ಬೇರೆ ಯಾವುದೂ ಕಾಣದು. ಹೋಟೆಲ್ ಮುಚ್ಚುವ ಹೊತ್ತಿಗೆ ಅದು ತಾನಾಗಿಯೇ ನಿದ್ದೆಹೋಗುತ್ತದೆ. ಎರಡನೆಯದು ಅಡುಗೆಮನೆಗೆ. ಪ್ರಿಂಟರ್, ಗಲ್ಲಾದ ಕಂಪ್ಯೂಟರ್, ಬಡಿಸುವ ಡೆರಿಲ್‌ನ ಟ್ಯಾಬ್ ಇಷ್ಟಕ್ಕೇ. ಮೂರನೆಯದು ಮೇಲಿನ ಮನೆಗೆ. ಸಂಚಿತಾ ಮೇಲೆ ಕೂತು ರಾತ್ರಿ ಲೆಕ್ಕ ನೋಡುವವಳಾದ್ದರಿಂದ ಮನೆಯಿಂದ ಗಲ್ಲಾದ ಕಂಪ್ಯೂಟರಿಗೆ ಒಂದು ದಾರಿ ಮಾತ್ರ ತೆರೆದೇ ಇಟ್ಟರು.

"ಹೆಸರುಗಳನ್ನು ಅಡಗಿಸಿಡುವನಾ?" ಎಂದ ಆಶಿಕ್. "ಯಾರಿಗೂ ಕಾಣುವುದೇ ಇಲ್ಲ."

"ಹೆಸರು ಅಡಗಿಸುವುದೆಂದರೆ ಬೋರ್ಡ್ ತೆಗೆದ ಹಾಗೆ. ಅಂಗಡಿ ಅಲ್ಲೇ ಇರ್ತದೆ. ಹುಡುಕುವವನಿಗೆ ಸಿಕ್ಕೇ ಸಿಗ್ತದೆ. ಪಾಸ್‌ವರ್ಡ್ ಉದ್ದ ಇರಲಿ, ಒಂದು ಇಡೀ ವಾಕ್ಯದಷ್ಟು. ಸಿಗ್ನಲಿನ ಜೋರನ್ನೂ ಕಡಿಮೆ ಮಾಡು, ರಸ್ತೆ ದಾಟಬಾರದು."

"ನಿನ್ನ ಗಂಡನಾಗುವವ ಪುಣ್ಯ ಮಾಡಿರಬೇಕು," ಎಂದ ಆಶಿಕ್. "ಅವನ ಸಿಗ್ನಲ್ ಕೂಡ ಗೇಟು ದಾಟುವುದಿಲ್ಲ."

"ನಿನ್ನ ಹೆಂಡತಿ ನಜ್ಲಾಳ ಹತ್ತಿರ ಈ ಮಾತು ಹೇಳ್ತೇನೆ ಇರು."

"ಬೇಡ ಮಾರಾಯ್ತಿ, ಅವಳು ನಿನ್ನಿಂದ ಇದೆಲ್ಲ ಕಲಿತುಕೊಂಡಾಳು!"

ಬೂಬಣ್ಣ ರಜೆಯಾದರೂ ಬಂದು, ದೂರ ನಿಂತು ನೋಡುತ್ತಿದ್ದ. ಛಾವಣಿಯ ಆಕ್ಸೆಸ್ ಪಾಯಿಂಟಿನ ಹಸಿರು ದೀಪ ಆರಿ, ಕೆಂಪಾಗಿ, ಮತ್ತೆ ಹಸಿರಾದಾಗ ಮೆಲ್ಲಗೆ ಕೈಮುಗಿದ.

ಆಮೇಲಿನ ದಿನಗಳು ಹಾಯಾಗಿ ಕಳೆದವು. ಪ್ರಿಂಟರ್ ಗಿರಾಕಿಗಳಿಗೆ ಮಾತ್ರ ಬಾಯಿಬಿಟ್ಟಿತು. ಸಂಚಿತಾ ಎಷ್ಟೋ ದಿನಗಳ ಮೇಲೆ ರಾತ್ರಿ ಒಂದೇ ಮಗ್ಗುಲಿನಲ್ಲಿ ಮಲಗಿದಳು. "ನೋಡಿದಿರಾ ಬೂಬಣ್ಣ? ಬೀಗ ಹಾಕಿದ ಮೇಲೆ ಬಂತಾ?" ಎಂದು ಕೇಳಿದಳು. ಅವನು, "ಅಕ್ಕಾ, ಮನಸ್ಸು ಮುರಿದವರು ಕೇಳುವುದನ್ನೂ ಬಿಡ್ತಾರೆ," ಎಂದ. ಅವಳ ಉತ್ಸಾಹಕ್ಕೆ ತಣ್ಣೀರೆರಚಿದ ಹಾಗಾಯಿತು.

ಈ ನಡುವೆ ರತ್ನಾವತಿ ಮೂರು ಹೊತ್ತೂ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದರು. ಸಂಚಿತಾ ಗಾಬರಿಯಿಂದ ಕೇಳಿದಳು, "ಎಂತ ಅಮ್ಮ, ಹುಷಾರಿಲ್ವಾ?"

"ಹುಷಾರಿಗೆಂತ? ನನ್ನ ಫೋನಿಗೆ ಎಂತದೋ ಆಗಿದೆ ಮಗ. ಸೀರಿಯಲ್ ಬರುವುದಿಲ್ಲ. ಒಂದು ಗೋಲ ತಿರುಗ್ತಾ ಉಂಟು, ನಾನೂ ಅದನ್ನೇ ನೋಡ್ತಾ ಕೂತಿದ್ದೇನೆ."

ಪಾಸ್‌ವರ್ಡ್ ಬದಲಾದದ್ದನ್ನು ಅಮ್ಮನಿಗೆ ಹೇಳುವುದೇ ಮರೆತುಹೋಗಿತ್ತು. ಸಂಚಿತಾ ನಾಲಗೆ ಕಚ್ಚಿಕೊಂಡು, ಆ ಉದ್ದನೆಯ ವಾಕ್ಯವನ್ನು ಅಮ್ಮನ ಫೋನಿನಲ್ಲಿ ತಾನೇ ಒತ್ತಿಕೊಟ್ಟಳು. ಯಾರಿಗೂ ಹೇಳಬಾರದು ಎಂದೂ ಎಚ್ಚರಿಸಿದಳು.

"ನಾನು ಯಾರಿಗೆ ಹೇಳಲಿ?" ಎಂದರು ರತ್ನಾವತಿ. ಅವರ ಮುಖ ಅಷ್ಟರಲ್ಲೇ ಅರಳಿತ್ತು.

ಮರುದಿನ ಮಧ್ಯಾಹ್ನದ ಊಟದ ಗದ್ದಲ ಮುಗಿದು, ಹೋಟೆಲಿನ ಕದ ಅರ್ಧ ಎಳೆದಿತ್ತು. ಬೂಬಣ್ಣ ಹೊರಗೆ ಬೀಡಿಗೆಂದು ಹೋಗಿದ್ದ. ಡೆರಿಲ್ ಟ್ಯಾಬನ್ನು ಗಲ್ಲಾದಲ್ಲಿಟ್ಟು ಮನೆಗೆ ಹೋಗಿದ್ದ. ಸಂಚಿತಾ ಒಬ್ಬಳೇ ಅಡುಗೆಮನೆಯಲ್ಲಿ ಮಿಕ್ಕ ಮೀನಿನ ಲೆಕ್ಕ ನೋಡುತ್ತಿದ್ದಳು.

ಕಿರ್‌ರ್. ಚಟ್.

ಒಂದನೇ ಮೇಜು. ಕೋರಿ ರೊಟ್ಟಿ ಒಂದು. ಗಸಿ ಜಾಸ್ತಿ.

ಸಂಚಿತಾ, ಲೆಕ್ಕ ತಾಳೆಯಾಗದಿದ್ದಾಗ ಮಾಡುವ ಹಾಗೆ, ಒಂದೊಂದನ್ನೇ ಹೊಡೆದುಹಾಕುತ್ತ ಬಂದಳು. ಗಿರಾಕಿಗಳ ನೆಟ್‌ವರ್ಕ್ ನಿದ್ದೆಯಲ್ಲಿದೆ. ಅಡುಗೆಮನೆಯದ್ದರಲ್ಲಿ ಟ್ಯಾಬ್ ಆಫ್ ಆಗಿ ಗಲ್ಲಾದಲ್ಲಿದೆ, ಕಂಪ್ಯೂಟರಿನ ಮುಂದೆ ಯಾರೂ ಇಲ್ಲ. ಉಳಿದದ್ದು ಮನೆಯದ್ದು. ಮನೆಯಿಂದ ಗಲ್ಲಾದ ಕಂಪ್ಯೂಟರಿಗೆ ದಾರಿ ತೆರೆದಿಟ್ಟವಳು ತಾನೇ. ಆ ಉದ್ದನೆಯ ವಾಕ್ಯ ಗೊತ್ತಿರುವ ಫೋನುಗಳು ಇಡೀ ಮಂಗಳೂರಿನಲ್ಲಿ ಎರಡೇ. ಒಂದು ತನ್ನ ಕೈಯಲ್ಲಿದೆ.

ಇನ್ನೊಂದರಲ್ಲಿ, ಬೇಸಿಗೆಯ ಆ ದಿನ, ಆಶಿಕ್ ಒಂದನೇ ಮೇಜಿನ ಕೋಡ್ ತೋರಿಸಿ ಚಹಾ ಆರ್ಡರ್ ಮಾಡಿದ್ದು ಅವಳಿಗೆ ಈಗ ನೆನಪಾಯಿತು. ತೆರೆದ ಪುಟ ಹಾಗೆಯೇ ಉಳಿದಿರಬೇಕು.

ಸಂಚಿತಾ ಚೀಟಿಯನ್ನು ಹರಿದು ಮುಷ್ಟಿಯಲ್ಲಿ ಮುದುರಿಕೊಂಡು, ಚಪ್ಪಲಿ ಬಿಟ್ಟು ಮೆಟ್ಟಿಲೇರಿದಳು. ಕಿಟಕಿಯ ಪಕ್ಕದ ಆರಾಮ ಕುರ್ಚಿಯಲ್ಲಿ ರತ್ನಾವತಿ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಫೋನನ್ನು ಕೈಯಳತೆ ದೂರ ಹಿಡಿದು ಕೂತಿದ್ದರು. ಬಾಗಿಲ ಸಂದಿಯಿಂದ ಪರದೆ ಕಾಣುತ್ತಿತ್ತು. ಕೋರಿ ರೊಟ್ಟಿಯ ದೊಡ್ಡ ಫೋಟೋ. ಎರಡು ಬೆರಳಲ್ಲಿ ಅದನ್ನು ಇನ್ನೂ ದೊಡ್ಡದು ಮಾಡಿದರು. ಗಸಿಯ ಮೇಲೆ ತೇಲುವ ಎಣ್ಣೆ ಕಂಡಿತು. ರತ್ನಾವತಿಯವರ ಮುಖದಲ್ಲಿ, ಜಾತ್ರೆಗೆ ಕರೆದೊಯ್ಯುವ ಮಾತು ಸಿಕ್ಕ ಪುಟ್ಟ ಹುಡುಗಿಯ ಕಳೆಯಿತ್ತು.

ಸಂಚಿತಾಳಿಗೆ ಮೊದಲು ಸಿಟ್ಟು ಬಂತು. ಸಿಟ್ಟು ಗಂಟಲಿಗೆ ಬರುವಷ್ಟರಲ್ಲಿ ಅದು ಹೇಗೋ ನಗುವಾಗಿ, ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು. ಬಸ್‌ಸ್ಟ್ಯಾಂಡಿನ ಪೋಕರಿಗಳಿಗಾಗಿ ಏನೆಲ್ಲ ಬೀಗ! ಕಳ್ಳಿಗೆ ಕೀಲಿಕೈಯನ್ನು ತಾನೇ ಒತ್ತಿಕೊಟ್ಟಿದ್ದಾಳೆ. ಮೊದಲ ಸಲ ಆಸೆಯಿಂದ ಫೋಟೋ ನೋಡುತ್ತ, ಗಸಿ ಜಾಸ್ತಿ ಎಂದೂ ಸುಮ್ಮನೆ ಬರೆದು ನೋಡುವಾಗ ಬೆರಳು ತಪ್ಪಿ ಒತ್ತಿರಬೇಕು. ಆಮೇಲೆ ಬಾಳೆಲೆಯ ಮೇಲೆ ಕಾಲಿನ ತುಂಡು ಬಂದಾಗ ಯಾವ ಬೆರಳು ತಾನೇ ಸುಮ್ಮನಿರುತ್ತದೆ? ನಾಲ್ಕು ತಿಂಗಳು ಹರಿವೆ ಪಲ್ಯ ತಿಂದ ಬಾಯಿ ಅದು. ಶೆಟ್ಟರು ಇದ್ದಾಗ ಗಸಿ ಜಾಸ್ತಿ ಎಂದು ಕೇಳುತ್ತಿದ್ದದ್ದು ಯಾರ ರೊಟ್ಟಿಗಾಗಿ ಎಂಬುದೂ ಅವಳಿಗೆ ಈಗ ಅರ್ಥವಾಯಿತು.

"ಯಾರದು?" ರತ್ನಾವತಿ ಫೋನನ್ನು ಸೆರಗಿನಡಿ ತಳ್ಳಿದರು.

"ನಾನು ಅಮ್ಮ."

"ಎಂತ ಮಗ?"

ಹೇಳಿಬಿಡಬಹುದಿತ್ತು. ಮುಷ್ಟಿಯಲ್ಲಿ ಚೀಟಿ ಇತ್ತು. ಆದರೆ ಹೇಳಿದರೆ ಆಮೇಲೆ? ಬೂಬಣ್ಣನ ಎದುರು ಈ ಅಮ್ಮನ ಕಿವಿ ಹಿಂಡಿ ನಿಲ್ಲಿಸುವುದೇ? ಅಮ್ಮ ಈ ಮನೆಯಲ್ಲಿ ಇನ್ನು ಹೇಗೆ ತಲೆಯೆತ್ತಿ ಓಡಾಡಬೇಕು? ಮಿಂದು ಮಡಿಯುಟ್ಟು, ಧಣಿಗಳಿಗೆಂದು ಕಣ್ತುಂಬಿಕೊಂಡು ಬಡಿಸಿದ ಬೂಬಣ್ಣನಿಗೆ, ನೀನು ಬಡಿಸಿದ್ದು ನಮ್ಮಮ್ಮನ ಬಾಯಿಚಪಲಕ್ಕೆ ಎಂದು ಹೇಗೆ ಹೇಳುವುದು? ಆಗ ಅವನು ಬಜಪೆಗೆ ಹೋಗಲು ಆಟಿ ಮುಗಿಯುವವರೆಗೂ ಕಾಯುವುದಿಲ್ಲ. ಹೇಳದಿದ್ದರೆ ಆಟಿ ಮುಗಿದ ಮೇಲೆ ಹೋಗುತ್ತಾನೆ.

ಅವಳು ಅಮ್ಮನ ಪಕ್ಕ ಕೂತು, ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, "ಬೂಬಣ್ಣ ಕೆಲಸ ಬಿಡ್ತಾರಂತೆ ಅಮ್ಮ."

"ಹಾಂ? ಯಾಕೆ?"

"ಅಪ್ಪನಿಗೆ ಅವರ ಅಡುಗೆ ಸೇರ್ತಾ ಇಲ್ಲವಂತೆ. ಸೇರಿದ್ದರೆ ಪುನಃ ಪುನಃ ಕೇಳ್ತಿರಲಿಲ್ಲ ಅಂತ. ರಾತ್ರಿ ನಿದ್ದೆ ಮಾಡ್ತಾ ಇಲ್ಲ, ಊಟವೂ ಸರಿ ಇಲ್ಲ. ಸೊಂಟನೋವಿದ್ದರೂ ಮಸಾಲೆಯನ್ನು ಪುನಃ ಕಲ್ಲಿನಲ್ಲಿ ಅರೆಯುತ್ತಿದ್ದಾರೆ. ಬಟ್ಟೆಯ ಗಂಟು ಕಟ್ಟಿ ಆಗಿದೆ."

ರತ್ನಾವತಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಸೆರಗಿನಡಿಯ ಫೋನ್ ಜಾರಿ ನೆಲಕ್ಕೆ ಬಿತ್ತು. ಸಂಚಿತಾ ಅದನ್ನು ಪರದೆ ನೋಡದೆ ಎತ್ತಿ, ಅಮ್ಮನ ಮಡಿಲಿಗಿಟ್ಟು ಎದ್ದು ಬಂದಳು.

"ನಮ್ಮ ಬೂಬ?" ಎಂದು ಹಿಂದಿನಿಂದ ಸಣ್ಣ ದನಿಯೊಂದು ಕೇಳಿತು. "ಬೂಬ ಹೋಗುವುದಾ?"

ಸಂಚಿತಾ ಆ ಸಂಜೆ ಮನೆಯ ದಾರಿಯನ್ನು ಮುಚ್ಚಿಬಿಡಬಹುದಿತ್ತು. ಲ್ಯಾಪ್‌ಟಾಪ್ ತೆರೆದಳು, ಮುಚ್ಚುವ ಗುಂಡಿಯ ಮೇಲೆ ಬೆರಳೂ ಇಟ್ಟಳು. ಬಾಗಿಲು ತೆರೆದಿದ್ದರೆ ಎದೆ ಹೊಡೆದುಕೊಳ್ಳುವ ಹೆಂಗಸು ಅವಳು. ಆದರೂ ಬೆರಳು ತೆಗೆದಳು. ಇನ್ನು ಒಂದು ದಿನ ತೆರೆದಿರಲಿ.

ಮರುದಿನ ಹೋಟೆಲ್ ಅರ್ಧ ಮುಚ್ಚಿದ ಹೊತ್ತಿಗೆ ಬೂಬಣ್ಣ ಒಲೆಯ ಮುಂದಿದ್ದ, ಡೆರಿಲ್ ಮೇಜು ಒರೆಸುತ್ತಿದ್ದ. ಪ್ರಿಂಟರ್ ಕಿರ್‌ರ್ ಎಂದಿತು. ಅಷ್ಟಕ್ಕೇ ನಿಲ್ಲದೆ, ಎಂದಿಗಿಂತ ಉದ್ದಕ್ಕೆ ಕಿರ್‌ರ್ ಎಂದು ಚಟ್ ಎಂದಿತು. ಬೂಬಣ್ಣ ಕೈಯ ಸೌಟು ಕೆಳಗಿಟ್ಟ.

"ನಾನು ನೋಡುವುದಿಲ್ಲ ಅಕ್ಕಾ. ನನ್ನಿಂದ ಆಗುವುದಿಲ್ಲ."

ಡೆರಿಲ್ ಹರಿದು ತಂದು ಗಟ್ಟಿಯಾಗಿ ಓದಿದ. "ಒಂದನೇ ಮೇಜು. ಬೆಲ್ಲದ ಚಹಾ ಒಂದು. ಮತ್ತೆ ಕೆಳಗೆ ಎಂತದೋ ತುಳುವಿನಲ್ಲಿ ಉಂಟು, ಗಸಿ ಜಾಸ್ತಿ ಅಂತ ಬರೆಯುವ ಜಾಗದಲ್ಲಿ. 'ಬೂಬಾ, ರುಚಿ ಎಡ್ಡೆ ಉಂಡು. ಬಂಜಿ ದಿಂಜಿಂಡ್. ಓಲ್ಲಾ ಪೋವೊಡ್ಚಿ.'"

ರುಚಿ ಚೆನ್ನಾಗಿದೆ, ಹೊಟ್ಟೆ ತುಂಬಿತು, ಎಲ್ಲಿಗೂ ಹೋಗಬೇಡ. ಬೂಬಣ್ಣ ಚೀಟಿಯನ್ನು ಕಿತ್ತುಕೊಂಡು, ಓದಲು ಬಾರದ ಆ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣಿಗೊತ್ತಿಕೊಂಡ. "ಪುನಃ ಓದು," ಎಂದ. ಡೆರಿಲ್ ಪುನಃ ಓದಿದ. "ಪುನಃ," ಎಂದ. ನಾಲ್ಕನೇ ಸಲಕ್ಕೆ ಡೆರಿಲ್‌ಗೆ ಅದು ಬಾಯಿಪಾಠವಾಗಿತ್ತು.

"ಹೊಟ್ಟೆ ತುಂಬಿತಂತೆ ಅಕ್ಕಾ! ಹೊಟ್ಟೆ ತುಂಬಿದ ಮೇಲೆ ಅವರು ಬೆಲ್ಲದ ಚಹಾವೇ ಕೇಳ್ತಿದ್ದದ್ದು!" ಬೂಬಣ್ಣ ಒದ್ದೆ ಕಣ್ಣಲ್ಲೇ ನಕ್ಕ. ಒಮ್ಮೆಗೇ ಬೆನ್ನು ನೆಟ್ಟಗಾಯಿತು. "ಏ ಡೆರಿಲ್, ಎಂತ ಗೂಬೆಯ ಹಾಗೆ ನಿಂತಿದ್ದಿ? ಶುಂಠಿ ಜಜ್ಜು!"

ಚಹಾ ಮೇಲೆ ಹೋಯಿತು. ಎಲೆಯ ಮುಂದೆ ಇಟ್ಟು, ಕದ ಎಳೆದು, ಕಾದು, ತೆರೆದರು. ರತ್ನಾವತಿ ಅದನ್ನು ಎತ್ತಿಕೊಂಡು ಒಂದೊಂದೇ ಗುಟುಕು ಕುಡಿದರು. ಈ ಸಲ ನಿಟ್ಟುಸಿರೂ ಇಲ್ಲ, ಶಾಸ್ತ್ರದ ಮಾತೂ ಇಲ್ಲ. "ಬೂಬ," ಎಂದರು ಕೊನೆಗೆ, ಲೋಟ ಕೆಳಗಿಟ್ಟು, "ಇನ್ನು ಕಲ್ಲಿನಲ್ಲಿ ಅರೆಯಬೇಡ. ಸೊಂಟ ಹಾಳಾಗ್ತದೆ. ಗ್ರೈಂಡರಿನದ್ದೂ ಅದೇ ರುಚಿ."

"ಅಮ್ಮನಿಗೆ ಹೇಗೆ ಗೊತ್ತು?" ಎಂದು ಬೂಬಣ್ಣ ಬೆರಗಾದ.

"ಅವರು ಹೇಳಿದ್ರು ಅಂತ ಇಟ್ಟುಕೋ," ಎಂದರು ರತ್ನಾವತಿ. ಮಗಳ ಕಡೆ ನೋಡಲಿಲ್ಲ. ಮಗಳೂ ಅವರ ಕಡೆ ನೋಡಲಿಲ್ಲ. ಇಬ್ಬರೂ ಸೇರಿ ಬಾಳೆಲೆಯನ್ನು ಬಹಳ ಜಾಗ್ರತೆಯಿಂದ ಮಡಚಿದರು.

ಬಜಪೆಯ ಮಾತು ಅಲ್ಲಿಗೆ ಮುಗಿಯಿತು. ಬೂಬಣ್ಣ ಸಂಜೆಗೆ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದ. ಸಂಚಿತಾ ಅವನ ಬಳಿ ಹೋಗಿ, ಡಾಕ್ಟರಲ್ಲಿ ಕೇಳಿ ಬಂದಿದ್ದೇನೆ, ಇನ್ನು ಮೇಲೆ ವಾರಕ್ಕೊಂದು ಸಲ ಅಮ್ಮನಿಗೆಂದೇ ಉಪ್ಪು, ಎಣ್ಣೆ ಕಡಿಮೆ ಹಾಕಿ ಸ್ವಲ್ಪ ಕೋಳಿ ಗಸಿ ಬೇರೆ ಪಾತ್ರೆಯಲ್ಲಿ ಮಾಡಬಹುದಾ ಎಂದು ಕೇಳಿದಳು. "ಕೇಳುವುದೆಂತ ಅಕ್ಕಾ, ಪಾಪ, ಅಮ್ಮ ಎಷ್ಟು ಸಮಯದಿಂದ ಬಾಯಿ ಕಟ್ಟಿ ಕೂತಿದ್ದಾರೆ!" ಎಂದ ಬೂಬಣ್ಣ. ಸಂಚಿತಾ ಹೌದು ಎಂದು ತಲೆಯಾಡಿಸಿದಳು.

ಆಮೇಲೆ ಗಲ್ಲಾಕ್ಕೆ ಬಂದು ಲ್ಯಾಪ್‌ಟಾಪ್ ತೆರೆದು, ಮನೆಯಿಂದ ಗಲ್ಲಾದ ಕಂಪ್ಯೂಟರಿಗಿದ್ದ ದಾರಿಯನ್ನು ಮುಚ್ಚಿದಳು. ಇನ್ನು ಲೆಕ್ಕವನ್ನು ಕೆಳಗೇ ಕೂತು ನೋಡಿದರಾಯಿತು. ಅಷ್ಟರಲ್ಲಿ ಆಶಿಕ್‌ನ ಫೋನ್ ಬಂತು. ಡೆರಿಲ್‌ನಿಂದ ಸುದ್ದಿ ಅವನ ಅಂಗಡಿಗಾಗಲೇ ಮುಟ್ಟಿತ್ತು.

"ಎಂತ ಮಾರಾಯ್ತಿ, ಶೆಟ್ಟರು ಈಗ ತುಳುವಿನಲ್ಲಿ ಬರೀತಾರಂತೆ? ಮುಟ್ಟಬೇಡ ಯಾವುದನ್ನೂ! ಯಾವ ಫೋನಿನಿಂದ ಬಂದದ್ದು ಅಂತ ಆಕ್ಸೆಸ್ ಪಾಯಿಂಟಿನ ಒಳಗೆ ದಾಖಲಾಗಿರ್ತದೆ. ಈಗ ಬಂದು ನೋಡ್ತೇನೆ. ಕಳ್ಳ ಸಿಕ್ಕಿದ ಅಂತ ಇಟ್ಟುಕೋ."

"ಬಾ," ಎಂದಳು ಸಂಚಿತಾ.

ಫೋನ್ ಇಟ್ಟು ಅವಳು ಕುರ್ಚಿಯೊಂದನ್ನು ಗಲ್ಲಾದ ಪಕ್ಕಕ್ಕೆ ಎಳೆದು, ಹತ್ತಿ ನಿಂತಳು. ಆಕ್ಸೆಸ್ ಪಾಯಿಂಟಿನ ಬದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು. ಅದರೊಳಗೆ ಪಿನ್ನು ಹಾಕಿ ಒತ್ತಿ ಹಿಡಿದರೆ ಅದು ತನ್ನ ನೆನಪನ್ನೆಲ್ಲ ಕಳೆದುಕೊಂಡು ಅಂಗಡಿಯಿಂದ ಬಂದ ದಿನದಂತಾಗುತ್ತದೆ. ಮೂರು ಪಾಲು, ಮೂರು ಪಾಸ್‌ವರ್ಡ್ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಒಂದು ಇಡೀ ದಿನದ ಕೆಲಸ. ಅವಳು ಕೂದಲಿನಿಂದ ಪಿನ್ನು ತೆಗೆದು, ದೀಪ ಆರುವವರೆಗೂ ಒತ್ತಿ ಹಿಡಿದಳು.

ಆಶಿಕ್ ಬಂದವನು ತಲೆ ಚಚ್ಚಿಕೊಂಡ. "ರೀಸೆಟ್ ಮಾಡಿದ್ದಾ? ಇಷ್ಟು ಓದಿದವಳು, ಇಷ್ಟು ಜಾಗ್ರತೆಯವಳು! ಎಂತ ಆಯ್ತು ನಿಂಗೆ? ಇನ್ನು ಯಾರು ಅಂತ ಗೊತ್ತಾಗುವುದು ಹೇಗೆ?"

"ಗಾಬರಿಯಲ್ಲಿ ಒತ್ತಿಹೋಯ್ತು ಮಾರಾಯ," ಎಂದಳು ಸಂಚಿತಾ. "ಕೂತುಕೋ. ಚಹಾ ತರಿಸ್ತೇನೆ. ಎಲ್ಲ ಹೊಸತಾಗಿ ಹಾಕುವ."

ಆಶಿಕ್ ಗೊಣಗುತ್ತ ಲ್ಯಾಪ್‌ಟಾಪ್ ಎಳೆದುಕೊಂಡ. ಅಡುಗೆಮನೆಯಲ್ಲಿ ಬೂಬಣ್ಣ ಡೆರಿಲ್‌ಗೆ ಬೈಯುತ್ತಿದ್ದ, ಬಹಳ ದಿನಗಳ ಮೇಲೆ ಗಂಟಲು ತುಂಬ. ಮೇಲಿನಿಂದ ರತ್ನಾವತಿಯವರ ಸೀರಿಯಲ್ಲಿನ ಸದ್ದು ತಟ್ಟನೆ ನಿಂತು, "ಮಗಾ, ಪುನಃ ಆ ಗೋಲ ತಿರುಗ್ತಾ ಉಂಟು!" ಎಂಬ ಕೂಗು ಕೇಳಿತು.

"ಬಂದೆ ಅಮ್ಮ," ಎಂದು ಸಂಚಿತಾ ಮೆಟ್ಟಿಲ ಕಡೆ ನಡೆದಳು. ಇದನ್ನು ಆಶಿಕ್‌ಗೆ ಹೇಳಬಾರದು, ಬೂಬಣ್ಣನಿಗಂತೂ ಎಂದೆಂದಿಗೂ ಹೇಳಬಾರದು. ತನಗೆ ಗೊತ್ತು ಎಂಬುದನ್ನು ಅಮ್ಮನಿಗೂ ಹೇಳಬಾರದು. ಮೆಟ್ಟಿಲು ಮುಗಿಯುವಷ್ಟರಲ್ಲಿ ಅವಳು ಅದನ್ನು ಗಟ್ಟಿ ಮಾಡಿಕೊಂಡಿದ್ದಳು.